ಗೊತ್ತಿಲ್ಲ ಎಂದ ಮೇಷ್ಟ್ರು

ನನ್ನ ಮುಖ ನೋಡಬೇಕಾದಾಗಲೆಲ್ಲ ಮೇಷ್ಟ್ರು ನನ್ನ ಬಲಗಿವಿಯನ್ನು ನೋಡುತ್ತಿದ್ದರು. ಅವರ ಎರಡೂ ಕಣ್ಣುಗಳ ನಟ್ಟನಡುವಿನ ನೋಟ ಹೋಗಿ, ಅಂಚಿನದಷ್ಟೇ ಉಳಿದಿತ್ತು. ನೇರವಾಗಿ ನೋಡಿದರೆ ಎದುರಿಗಿದ್ದವರ ಮುಖದ ಜಾಗದಲ್ಲಿ ಒಂದು ಬೂದು ಮೋಡ ಕೂತಿರುತ್ತಿತ್ತಂತೆ. ಹಾಗಾಗಿ ಕತ್ತನ್ನು ಕೊಂಚ ವಾಲಿಸಿ, ಗುಬ್ಬಿಯ ಹಾಗೆ ಓರೆಯಾಗಿ ತಿರುಗಿ ಮಾತಾಡುತ್ತಿದ್ದರು. ಹೊಸಬರು ತಮ್ಮ ಹಿಂದೆ ಯಾರೋ ನಿಂತಿದ್ದಾರೆಂದುಕೊಂಡು ತಿರುಗಿ ನೋಡುತ್ತಿದ್ದರು. ಮೊದಲ ದಿನ ನಾನೂ ನೋಡಿದ್ದೆ.

ಅವರು ನನಗೆ ಶಾಲೆಯಲ್ಲಾಗಲಿ ಕಾಲೇಜಿನಲ್ಲಾಗಲಿ ಪಾಠ ಹೇಳಿದವರಲ್ಲ. ಧಾರವಾಡದವರು. ನ್ಯೂಜೆರ್ಸಿಯ ಸಣ್ಣ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿ ಹಿಲ್ಸ್‌ಬರೋದಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದರು. ಊರಿನ ಕನ್ನಡಿಗರಿಗೆಲ್ಲ ಅವರು ಅಂಕಲ್. ಮೈಸೂರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದ ನನ್ನ ಬಾಯಲ್ಲಿ ಮಾತ್ರ ಮೇಷ್ಟ್ರೇ ಎಂದೇ ಬಂತು. ಅವರಿಗೂ ಅದು ಹಿಡಿಸಿತು.

ಆ ವರ್ಷ ನನ್ನ ವರ್ಕ್ ಪರ್ಮಿಟ್ ನವೀಕರಣ ತಡವಾಗಿ, ಕ್ರ್ಯಾನ್‌ಬರಿಯ ಔಷಧ ಕಂಪನಿಯ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದೆ. ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ಇಂಗ್ಲಿಷ್ ಓದಿ ಹೇಳುವ, ಕನ್ನಡದಲ್ಲಿ ಮಾತಾಡುವ ಯಾರಾದರೂ ಬೇಕು, ಮಧ್ಯಾಹ್ನ ಊಟ ನಮ್ಮಲ್ಲೇ ಎಂದಿತ್ತು. ಹೋದೆ. ಬಾಗಿಲು ತೆಗೆದವರು ನರೆತ ಕೆಂಗೂದಲ, ಎತ್ತರದ ಅಮೆರಿಕನ್ ಹೆಂಗಸು. "ಒಳಗ ಬಾರವಾ, ಚಪ್ಪಲಿ ಅಲ್ಲೇ ಬಿಡು," ಎಂದರು. ಅವರೇ ಮೇಷ್ಟ್ರ ಹೆಂಡತಿ. ನಿವೃತ್ತ ನರ್ಸ್. ಮದುವೆಯಾದ ಹೊಸತರಲ್ಲಿ ಧಾರವಾಡದ ಅತ್ತೆಯ ಹತ್ತಿರ ಇದ್ದು ಕನ್ನಡ ಕಲಿತವರು. ಗಂಡನನ್ನು 'ಏನ್ರೀ' ಎಂದೇ ಕರೆಯುತ್ತಿದ್ದರು. ನಾನು ಅವರನ್ನು ಆಂಟಿ ಎಂದೆ.

ಮೇಷ್ಟ್ರು ಜೀವಮಾನವೆಲ್ಲ ಓದಿದ್ದು ಐರ್ಲೆಂಡಿನ ಒಂದೇ ಒಂದು ದಂಗೆಯ ಕುರಿತು. ಇಂಗ್ಲೆಂಡಿನ ದೊರೆ ಐರ್ಲೆಂಡಿನ ಉತ್ತರ ಭಾಗದ ನೆಲವನ್ನು ಅಲ್ಲಿಯ ಕ್ಯಾಥೊಲಿಕ್ ಜನರಿಂದ ಕಿತ್ತುಕೊಂಡು, ಇಂಗ್ಲೆಂಡ್ ಸ್ಕಾಟ್ಲೆಂಡುಗಳಿಂದ ಪ್ರೊಟೆಸ್ಟೆಂಟರನ್ನು ತಂದು ಕೂರಿಸಿದ್ದ. ಒಂದು ತಲೆಮಾರು ಇಬ್ಬರೂ ಅಕ್ಕಪಕ್ಕದಲ್ಲಿ ಬದುಕಿದರು. ಹಾಲು, ಉಪ್ಪು, ಬೆಂಕಿ ಕಡ ಕೊಟ್ಟು ತೆಗೆದುಕೊಂಡರು. ಸಾವಿರದ ಆರುನೂರ ನಲವತ್ತೊಂದರಲ್ಲಿ, ಚಳಿ ಶುರುವಾಗುವ ಹೊತ್ತಿಗೆ, ನೆಲ ಕಳೆದುಕೊಂಡವರು ಎದ್ದುನಿಂತರು. ಬಂದು ನೆಲೆಸಿದವರ ಮನೆ, ದನ, ಧಾನ್ಯ ಹೋಯಿತು. ಎಷ್ಟೋ ಜನ ಸತ್ತರು. ಎಷ್ಟೋ ಜನರ ಮೈಮೇಲಿನ ಬಟ್ಟೆಯನ್ನೂ ಬಿಚ್ಚಿಸಿಕೊಂಡು ಹಿಮದಲ್ಲಿ ಓಡಿಸಿದರು. ಬದುಕಿ ಡಬ್ಲಿನ್ ಸೇರಿದವರನ್ನು ಅವರದೇ ಪಾದ್ರಿಗಳು ಕೂರಿಸಿಕೊಂಡು, ಏನೇನು ಕಳೆದುಕೊಂಡಿರಿ, ಯಾರು ಮಾಡಿದರು ಎಂದು ಪ್ರಮಾಣ ಮಾಡಿಸಿ ಹೇಳಿಸಿದರು. ಕೆಲವು ವರ್ಷದ ಮೇಲೆ ಇಂಗ್ಲೆಂಡಿನ ಸೈನ್ಯ ಬಂದು ಸೇಡು ತೀರಿಸಿಕೊಂಡಾಗ ಈ ಹೇಳಿಕೆಗಳೇ ಅದಕ್ಕೆ ನೆಪವಾದವು. ಆಗ ಸತ್ತವರ ಲೆಕ್ಕ ಇನ್ನೊಂದು ಕಡೆಯದು.

ಈ ಹೇಳಿಕೆಗಳನ್ನು ನಾನು ಕಂಪ್ಯೂಟರಿನ ಪರದೆಯಿಂದ ಜೋರಾಗಿ ಓದಬೇಕು. ಆಮೇಲೆ ಮಾತೆಲ್ಲ ಕನ್ನಡದಲ್ಲಿ. ಹೀಗೇಕೆ ಎಂದು ಕೇಳಿದಾಗ ಮೇಷ್ಟ್ರು, "ಇಂಗ್ಲಿಷಿನಾಗ ಮಾತಾಡಿದರ ನಾನು ಯಾರದರೇ ಕಡೆಯಾಂವ ಆಗಿಬಿಡ್ತೀನವಾ. ಆ ಭಾಷಾದಾಗ ಈ ಜಗಳ ಭಾಳ ಸಲ ಆಗಿಬಿಟ್ಟದ. ಕನ್ನಡದಾಗ ಇನ್ನೂ ಆಗಿಲ್ಲ," ಎಂದರು.

ಆಗಿಲ್ಲವಾದ್ದರಿಂದ ಶಬ್ದಗಳೂ ಇರಲಿಲ್ಲ. ಬಂದು ನೆಲೆಸಿದವರನ್ನು ಏನೆಂದು ಕರೆಯುವುದು? ವಲಸಿಗರು ಎಂದೆ. ವಲಸಿಗರು ಅಂದರೆ ನೀನು, ನಾನು ಎಂದರು. ನೆಲಗಳ್ಳರು ಎಂದೆ. ಹಾಗೆಂದರೆ ಓದುವ ಮೊದಲೇ ತೀರ್ಪು ಕೊಟ್ಟ ಹಾಗಾಯಿತು ಎಂದರು. ಕೊನೆಗೆ 'ಒಕ್ಕಲು ಬಂದವರು' ಎಂಬಲ್ಲಿಗೆ ಬಂದು ನಿಂತೆವು. ಅದೂ ಅವರಿಗೆ ಪೂರ್ತಿ ಸಮಾಧಾನ ತರಲಿಲ್ಲ. ಒಮ್ಮೆ ಕಿಟಕಿಯಾಚೆಯ ಹುಲ್ಲುಹಾಸಿನ ಕಡೆ ತಿರುಗಿ, ಈ ಮನೆ ಕೊಂಡಾಗ ಈ ನೆಲದ ಮೂಲ ಜನ ಎಲ್ಲಿಗೆ ಹೋದರೆಂದು ತಾವೂ ಕೇಳಲಿಲ್ಲ, ಯಾರೂ ತಮ್ಮನ್ನು ಕೇಳಲಿಲ್ಲ ಎಂದು ತಮಗೇ ಹೇಳಿಕೊಂಡ ಹಾಗೆ ಹೇಳಿದರು.

ಓದುತ್ತಾ ಹೋದಂತೆ ನನ್ನ ತಲೆ ಕೆಟ್ಟಿತು. ಹಾಲಿನ ಹಸು, ಬೆಣ್ಣೆ ಕಡೆಯುವ ಮಡಕೆ, ಗರಿ ತುಂಬಿದ ಹಾಸಿಗೆ, ಕಣದಲ್ಲಿದ್ದ ಬಾರ್ಲಿ ಎಂದು ಕಳೆದುಹೋದದ್ದನ್ನು ಹೇಳುತ್ತಾ ಹೇಳುತ್ತಾ ಅದೇ ಉಸಿರಿನಲ್ಲಿ ಗಂಡ, ಮಗ ಎನ್ನುತ್ತಿದ್ದರು ಆ ಹೆಂಗಸರು. ಓದು ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಮರುಕ್ಷಣವೇ ಆ ಹಸು ಮೇಯುತ್ತಿದ್ದ ನೆಲ ಯಾರದು ಎಂಬುದು ನೆನಪಾಗಿ, ನನ್ನ ಕಣ್ಣೀರನ್ನು ಯಾರೋ ಮೋಸದಿಂದ ಕಸಿದುಕೊಂಡ ಹಾಗಾಗುತ್ತಿತ್ತು. ಆ ಸಿಟ್ಟಿನಲ್ಲಿ ಮುಂದಿನದನ್ನು ಓದಲು ಹೊರಟರೆ ಅಲ್ಲಿ ಇನ್ನೊಂದು ಮಗು. ಪ್ರತಿಯೊಂದು ಹೇಳಿಕೆ ಮುಗಿದ ಮೇಲೂ ಮೇಷ್ಟ್ರು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇದನ್ನ ಹೇಳಿದಾಕಿಗೆ ಆಗ ಏನ ಬೇಕಾಗಿತ್ತು?" ನಾನು ನ್ಯಾಯ ಎನ್ನುತ್ತಿದ್ದೆ, ಪರಿಹಾರ ಎನ್ನುತ್ತಿದ್ದೆ, ಸೇಡು ಎನ್ನುತ್ತಿದ್ದೆ. ಒಮ್ಮೊಮ್ಮೆ, ಅವಳಿಗೆ ಕೂತುಕೊಳ್ಳಲು ಒಂದು ಬೆಚ್ಚಗಿನ ಜಾಗ ಬೇಕಾಗಿತ್ತೇನೋ ಎಂದರೆ ಅವರಿಗೆ ಸಂತೋಷವಾಗುತ್ತಿತ್ತು.

ಅವರ ಪುಸ್ತಕದ ಕೊನೆಯ ಅಧ್ಯಾಯ ನಿಂತುಹೋಗಿದ್ದು ಇಬ್ಬರು ಹೆಂಗಸರ ಹತ್ತಿರ. ಒಬ್ಬಳು ಒಕ್ಕಲು ಬಂದವಳು, ವಿಧವೆ. ದಂಗೆಯವರು ತನ್ನನ್ನೂ ಮಗುವನ್ನೂ ಬಟ್ಟೆ ಬಿಚ್ಚಿಸಿ ದಾರಿಗೆ ಅಟ್ಟಿದರು, ಪಕ್ಕದ ಮನೆಯ ಐರಿಷ್ ಹೆಂಗಸು ತನ್ನಿಂದ ಕಿತ್ತುಕೊಂಡ ಉಣ್ಣೆಯ ಹೊದಿಕೆಯನ್ನೇ ಹೊದ್ದುಕೊಂಡು ಹಂಗಿಸುತ್ತಾ ಹಿಂದೆ ಬಂದಳು, ಮಗು ಆ ದಾರಿಯಲ್ಲೇ ತೀರಿಹೋಯಿತು ಎಂದು ಅವಳು ಹೇಳಿದ್ದಳು. ನೆರೆಯವಳ ಹೆಸರನ್ನೂ ಹೇಳಿದ್ದಳು. ಹತ್ತು ವರ್ಷಕ್ಕೂ ಮಿಕ್ಕಿ ಕಾಲ ಕಳೆದ ಮೇಲೆ ಗೆದ್ದವರ ನ್ಯಾಯಾಲಯ ಆ ನೆರೆಯವಳನ್ನು ಹಿಡಿದು ತಂದು ವಿಚಾರಿಸಿತು. ಹೊದಿಕೆ ಹೊದ್ದದ್ದು ನಿಜ ಎಂದಳು ಅವಳು. ಗಂಡಸರ ಕೈಯಿಂದ ಅದನ್ನು ಬಿಡಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ, ವಾಪಸು ಕೊಡಲೆಂದೇ ಹಿಂದೆ ಹೋದೆ, ನನ್ನನ್ನು ಕಂಡು ಅವಳು ಕಿರುಚಿಕೊಂಡು ಓಡಿದಳು, ನನ್ನ ಹಿಂದೆ ನಮ್ಮ ಕಡೆಯವರು ನೋಡುತ್ತಿದ್ದರು, ಹೆದರಿ ತಿರುಗಿ ಬಂದೆ. ಆ ಚಳಿಗಾಲವೆಲ್ಲ ನಾನೇ ಅದನ್ನು ಹೊದ್ದೆ, ಯಾಕೆಂದರೆ ಚಳಿ ಇತ್ತು ಎಂದಳು.

ಅವಳನ್ನು ಗಲ್ಲಿಗೆ ಹಾಕಿದರೋ ಬಿಟ್ಟರೋ ತಿಳಿಯುವ ಹಾಗಿಲ್ಲ. ಆ ನ್ಯಾಯಾಲಯದ ಕಾಗದಗಳಲ್ಲಿ ಅಷ್ಟು ಉಳಿದಿಲ್ಲ.

ಒಂದೇ ದಾರಿಯಲ್ಲಿ ಒಬ್ಬಳು ಮುಂದೆ, ಒಬ್ಬಳು ಹಿಂದೆ. ಇಬ್ಬರ ಮಾತೂ ಜೀವ ಉಳಿಸಿಕೊಳ್ಳಲು ಆಡಿದ್ದು. ನಾನು ಮೊದಲ ದಿನ ವಿಧವೆಯನ್ನು ನಂಬಿದೆ. ಎರಡನೆಯದನ್ನು ಓದಿದ ಮೇಲೆ ನೆರೆಯವಳನ್ನು ನಂಬಿದೆ. ಮನೆಗೆ ಹೋಗಿ ಅನ್ನಕ್ಕಿಟ್ಟು ನಿಂತಾಗ ಇಬ್ಬರನ್ನೂ ನಂಬಲಾಗಲಿಲ್ಲ.

ಆ ವಸಂತದಲ್ಲಿ ಊರಿನ ಲೈಬ್ರರಿಯವರು ಮೇಷ್ಟ್ರನ್ನು ಮಾತಾಡಲು ಕರೆದರು. ಕೆಳಗಿನ ಕೋಣೆಯಲ್ಲಿ ಮಡಚುವ ಕುರ್ಚಿಗಳು, ಕಾಫಿ, ಬಹುಮಟ್ಟಿಗೆ ವಯಸ್ಸಾದ ಜನ. ಆಂಟಿಯ ತಮ್ಮನೂ ಬಂದಿದ್ದರು. ಅವರು ಜೆರ್ಸಿ ಸಿಟಿಯಲ್ಲಿ ಬಹಳ ವರ್ಷ ಬಸ್ ಓಡಿಸಿ ನಿವೃತ್ತರಾದವರು. ಅಕ್ಕ ತಮ್ಮನ ಅಜ್ಜ ಅಜ್ಜಿ ಐರ್ಲೆಂಡಿನ ಆ ಉತ್ತರ ಭಾಗದಿಂದಲೇ ಬಂದ ಕ್ಯಾಥೊಲಿಕರು. ಭಾವನ ಮೇಲೆ ಅವರಿಗೆ ಪ್ರೀತಿ ಇತ್ತು. ಭಾವ ಯಾವ ವಿಷಯದ ಮೇಲೆ ಪುಸ್ತಕ ಬರೆಯುತ್ತಿದ್ದಾರೆಂದು ಅವರು ಸರಿಯಾಗಿ ಕೇಳಿಸಿಕೊಂಡದ್ದು ಮಾತ್ರ ಆ ದಿನವೇ ಎಂದು ಕಾಣುತ್ತದೆ.

ಮೇಷ್ಟ್ರಿಗೆ ಬರೆದದ್ದನ್ನು ಓದಲು ಆಗುತ್ತಿರಲಿಲ್ಲ. ಬಾಯಲ್ಲೇ ಇಬ್ಬರು ಹೆಂಗಸರ ಕತೆ ಹೇಳಿದರು. ಮುಗಿದಾಗ ಹಿಂದಿನ ಸಾಲಿನಿಂದ ಆಂಟಿಯ ತಮ್ಮ ಎದ್ದು ನಿಂತರು. ಜಾಕೆಟ್ಟನ್ನೂ ಬಿಚ್ಚಿರಲಿಲ್ಲ. ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ.

"ನಮ್ಮವರ ಹೊಲ ಹೋದಾಗ ಕೂತು ಬರೆದುಕೊಳ್ಳೋಕೆ ಯಾವ ಪಾದ್ರಿ ಇದ್ದ?" ಎಂದು ಕೇಳಿದರು.

ಯಾರೂ ಇರಲಿಲ್ಲ ಎಂದರು ಮೇಷ್ಟ್ರು.

"ಹಾಗಾದ್ರೆ ಇಷ್ಟು ವರ್ಷ ಆ ಕಡೆಯೋರ ಅಳುವನ್ನೇ ಯಾಕೆ ಓದಿದೆ? ಹೋಗಲಿ, ಇದನ್ನಾದ್ರೂ ಹೇಳು. ಆ ನೆರೆಯವಳು ಕಳ್ಳೀನಾ, ಅಲ್ವಾ?"

ಮೇಷ್ಟ್ರು ಧ್ವನಿ ಬಂದ ಕಡೆಗೆ ಕತ್ತು ವಾಲಿಸಿದರು. ಆಮೇಲೆ, "ನನಗೆ ಗೊತ್ತಿಲ್ಲ," ಎಂದರು.

ಇಡೀ ಜೀವಮಾನ ಓದಿಯೂ ಗೊತ್ತಿಲ್ಲವೇ ಎಂದು ಕೇಳಿ, ಉತ್ತರಕ್ಕೂ ಕಾಯದೆ ಅವರು ಹೊರಟುಹೋದರು. ಕೋಣೆಯಲ್ಲಿ ಯಾರೋ ಕೆಮ್ಮಿದರು. ಲೈಬ್ರರಿಯಾಕೆ ಎಲ್ಲರಿಗೂ ಧನ್ಯವಾದ ಹೇಳಿ ಕುಕೀಸ್ ಇವೆ ಎಂದರು.

ವಾಪಸು ಬರುವಾಗ ಆಂಟಿ ಡ್ರೈವ್ ಮಾಡುತ್ತಿದ್ದರು. ನಾನು ಹಿಂದೆ ಕೂತಿದ್ದೆ. ಮೇಷ್ಟ್ರು, ನಿನಗೇನನ್ನಿಸುತ್ತದೆ ಎಂದು ಹೆಂಡತಿಯನ್ನು ಕೇಳಿದರು. "ನನಗ ನನ್ನ ತಮ್ಮ ಬೇಕ್ರೀ, ನೀವೂ ಬೇಕು," ಎಂದರು ಆಂಟಿ. "ಇಬ್ಬರಿಗೂ ಅಷ್ಟ ಸಾಕಾಗಂಗಿಲ್ಲ."

ಆಮೇಲೆ ಆಂಟಿಯ ತಮ್ಮ ಆ ಮನೆಗೆ ಬರುವುದನ್ನು ನಿಲ್ಲಿಸಿದರು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟಕ್ಕೆ ಪ್ರತಿವರ್ಷ ಟರ್ಕಿ ಕೋಳಿಯನ್ನು ಕತ್ತರಿಸುತ್ತಿದ್ದವರು ಅವರೇ. ಆ ವರ್ಷ ಆಂಟಿ ಬೇಯಿಸಲೇ ಇಲ್ಲ. ನನ್ನನ್ನೂ ನನ್ನ ಗಂಡನನ್ನೂ ಕರೆದು ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿ ಬಡಿಸಿದರು. ಊಟ ಚೆನ್ನಾಗಿತ್ತು.

ಮೇಷ್ಟ್ರ ಬರವಣಿಗೆ ವಿಚಿತ್ರವಾದದ್ದು ಆಗಿನಿಂದ. ಒಂದು ವಾರ ಅವರು, ನೆರೆಯವಳು ಹೊದಿಕೆ ಹಿಂತಿರುಗಿಸಲೆಂದೇ ಹೋಗಿದ್ದಳು ಎಂದು ನನ್ನಿಂದ ಟೈಪ್ ಮಾಡಿಸಿದರು. ಚೆಂದದ ಪುಟ ಅದು. ಓದಿದರೆ ಎದೆ ತುಂಬಿಬರುವ ಹಾಗಿತ್ತು. ಮುಂದಿನ ವಾರ ಅದನ್ನು ಅಳಿಸಲು ಹೇಳಿದರು. ಅವಳು ಶಿಕ್ಷೆಯ ಹೆದರಿಕೆಯಿಂದ ಕತೆ ಕಟ್ಟಿದಳು ಎಂದು ಬರೆಸಿದರು. ಅದನ್ನೂ ಅಳಿಸಿದರು. ಮೂರನೆಯ ಸಲ ಮತ್ತೆ ಮೊದಲಿನದಕ್ಕೇ ಬಂದಾಗ ನನ್ನ ತಾಳ್ಮೆ ತಪ್ಪಿತು. ಏನಾದರೂ ಒಂದು ತೀರ್ಮಾನ ಮಾಡಿ ಮೇಷ್ಟ್ರೇ ಎಂದುಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ಎರಡೂ ಕೈಗಳಿಂದ ಮುಖ ಉಜ್ಜಿಕೊಂಡರು. "ನನ್ನ ಹೇಂತಿ ತಮ್ಮ ತಿರುಗಿ ಮನಿಗೆ ಬರಲಿ ಅಂತ ಆಕೀನ ಒಳ್ಳೆಯಾಕಿ ಮಾಡಾಕತ್ತೀನೇನೋ ಅಂತ ನನಗ ಸಂಶಯ," ಎಂದರು. "ಹಂಗ ಆಗಬಾರದು ಅಂತ ಮತ್ತ ಕೆಟ್ಟಾಕಿ ಮಾಡತೀನಿ. ಎಲ್ಲಾರನೂ ಕೇಳತಿದ್ದೆ, ಹೇಳಿದಾಕಿಗೆ ಏನ ಬೇಕಾಗಿತ್ತು ಅಂತ. ನನಗ ಏನ ಬೇಕಾಗೇದ ಅಂತ ಯಾರೂ ಕೇಳಿರಲಿಲ್ಲ ನೋಡು."

ಕಂಪ್ಯೂಟರ್ ಮುಚ್ಚಿದೆ. ಆ ದಿನ ಇಬ್ಬರೂ ಚಹಾ ಕುಡಿದೆವು, ಬರವಣಿಗೆ ಮುಟ್ಟಲಿಲ್ಲ.

ಚಳಿಗಾಲದಲ್ಲಿ ಅವರ ಹೃದಯ ಸೋಲತೊಡಗಿತು. ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಮಲಗುವ ಕೋಣೆಗೆ ಮೆಟ್ಟಿಲು ಹತ್ತಲಾಗದೆಂದು ಲಿವಿಂಗ್ ರೂಮಿನಲ್ಲೇ ಹಾಸಿಗೆ ಹಾಕಿದ್ದಾಯಿತು. ಮಾಡುವುದನ್ನೆಲ್ಲ ಮಾಡಿಯಾಗಿದೆ ಎಂದು ಡಾಕ್ಟರು ಹೇಳಿದ್ದು ನರ್ಸ್ ಆಗಿದ್ದ ಆಂಟಿಗೆ ಬೇಗ ಅರ್ಥವಾಯಿತು. ಅವರು ತಮ್ಮನಿಗೆ ಫೋನ್ ಮಾಡಿದರು.

ತಮ್ಮ ಬಂದದ್ದು ಹಿಮ ಬಿದ್ದ ಮರುದಿನ ಬೆಳಿಗ್ಗೆ. ಬಂದವರು ಒಳಗೆ ಬರಲಿಲ್ಲ. ಗರಾಜಿನಿಂದ ಸಲಿಕೆ ತೆಗೆದು ಡ್ರೈವ್‌ವೇಯ ಹಿಮ ತೆಗೆಯಲು ನಿಂತರು. ಅದು ಮುಗಿಯಿತು. ಕಾಲುದಾರಿಯದನ್ನು ತೆಗೆದರು. ಅದೂ ಮುಗಿದ ಮೇಲೆ ಪಕ್ಕದ ಮನೆಯವರ ಕಡೆಗೂ ಕೈಹಾಕಿದರು. ಆಂಟಿ ಕಿಟಕಿಯಿಂದ ನೋಡುತ್ತಾ ನಿಂತಿದ್ದರು, ಕರೆಯಲಿಲ್ಲ. ಕೊನೆಗೆ ತಾವಾಗಿಯೇ ಒಳಗೆ ಬಂದು, ಬೂಟು ಬಿಚ್ಚಿ, ಭಾವನ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡರು. ಆರೋಗ್ಯ ಹೇಗಿದೆ ಎಂದೂ ಕೇಳದೆ, ನನ್ನ ಕಡೆ ತಿರುಗಿ, ಆ ಇಬ್ಬರು ಹೆಂಗಸರದ್ದನ್ನು ಓದು ಎಂದರು.

ನಾನು ಮೇಷ್ಟ್ರನ್ನು ನೋಡಿದೆ. ಅವರು ತಲೆಯಾಡಿಸಿದರು. ಎರಡನ್ನೂ ಮೊದಲಿನಿಂದ ಕೊನೆಯವರೆಗೆ ಓದಿದೆ. ಆ ಹಳೆಯ ಇಂಗ್ಲಿಷ್ ಆಂಟಿಯ ತಮ್ಮನಿಗೂ ಅಲ್ಲಲ್ಲಿ ತಿಳಿಯುತ್ತಿರಲಿಲ್ಲ. ಮೇಷ್ಟ್ರು ಮಲಗಿದಲ್ಲಿಂದಲೇ ಬಿಡಿಸಿ ಹೇಳುತ್ತಿದ್ದರು. ಚಳಿ ಇತ್ತು ಎಂಬ ಕೊನೆಯ ಮಾತು ಬಂದಾಗ ಆಂಟಿಯ ತಮ್ಮ ಹಿಮ ತೆಗೆದು ಕೆಂಪಾಗಿದ್ದ ಅಂಗೈಗಳನ್ನು ನೋಡಿಕೊಂಡರು.

"ಹಂಗಿಸೋಕೇ ಹೋಗಿದ್ದು ಅವಳು," ಎಂದರು.

ನನಗೆ ತಪ್ಪಾಗಿ ಕೇಳಿಸಿತೇನೋ ಎನಿಸಿತು. ಮೇಷ್ಟ್ರು ತಲೆದಿಂಬಿನಿಂದ ಕತ್ತೆತ್ತಿದರು.

"ಅವಳ ಅಪ್ಪನ ನೆಲದಲ್ಲಿ ಆ ವಿಧವೆ ಹಸು ಕಟ್ಟಿದ್ಲು. ದಿನಾ ಬೆಳಿಗ್ಗೆ ಎದ್ದು ಅದನ್ನ ನೋಡ್ಬೇಕಿತ್ತು ಇವಳು. ಒಂದು ದಿನ ಅವಳ ಹೊದಿಕೆ ಹೊದ್ದು ಹಿಂದೆ ಹೋಗಿ ನಕ್ಕಳು. ನಾನಾಗಿದ್ರೂ ಹೋಗ್ತಿದ್ದೆ. ನನ್ನ ಖುಷಿಗೆ ಅವಳನ್ನ ಒಳ್ಳೆಯವಳನ್ನಾಗಿ ಮಾಡ್ಬೇಡ. ಅವಳಿಗೆ ಸಿಟ್ಟಿತ್ತು. ಅದನ್ನಾದ್ರೂ ಅವಳಿಗೆ ಬಿಡು."

ಮಗುವಿನ ಕತೆ ಏನು ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು. ಮಗು ಸಾಯುತ್ತದೆಂದು ಅವಳಿಗೆ ಹೇಗೆ ಗೊತ್ತು ಎಂದರು ತಮ್ಮ. ಗೊತ್ತಿದ್ದೇ ಹೊದಿಕೆ ಕೊಡಲು ಹೋದಳು ಎಂದರು ಮೇಷ್ಟ್ರು. ಇಲ್ಲ ಎಂದರು ತಮ್ಮ. ದಂಗೆಯವರ ಕಡೆಯ ಮನುಷ್ಯ ನೆರೆಯವಳನ್ನು ಕೆಟ್ಟವಳೆಂದು ಸಾಧಿಸುತ್ತಿದ್ದರು. ಒಕ್ಕಲು ಬಂದವರ ಅಳುವನ್ನೇ ಓದುತ್ತಾ ಮುದುಕರಾದ ಮೇಷ್ಟ್ರು ಅವಳ ಪರ ವಾದಿಸುತ್ತಿದ್ದರು. ಮೇಷ್ಟ್ರಿಗೆ ಉಸಿರು ಸಾಲುತ್ತಿರಲಿಲ್ಲ, ಆದರೂ ಬಿಡಲಿಲ್ಲ. ಆಂಟಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು ನನಗೆ, "ಇಬ್ಬರೂ ಜಾಗಾ ಬದಲಿ ಮಾಡಿಕೊಂಡಾರ ನೋಡು," ಎಂದು ಕನ್ನಡದಲ್ಲಿ ಹೇಳಿ, ಒಳಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ಬಹಳ ಹೊತ್ತು ಹರಿಯುತ್ತಿತ್ತು.

ಅಂದಿನಿಂದ ತಮ್ಮ ಆಗಾಗ ಬಂದು ಕೂರುತ್ತಿದ್ದರು. ಒಪ್ಪಿದರೆಂದಲ್ಲ. ಜಗಳ ಮುಂದುವರಿಸಲು ಬರುತ್ತಿದ್ದರು.

ಒಂದು ಮಧ್ಯಾಹ್ನ ಮೇಷ್ಟ್ರು ನನ್ನನ್ನು ಹತ್ತಿರ ಕರೆದು ಕೊನೆಯ ಅಧ್ಯಾಯದಲ್ಲಿ ಈವರೆಗೆ ಬರೆಸಿದ್ದನ್ನೆಲ್ಲ ತೆಗೆದುಹಾಕು ಎಂದರು. ಎರಡೂ ಹೇಳಿಕೆಗಳನ್ನು ಎದುರುಬದುರು ಪುಟಗಳಲ್ಲಿ ಇಡಬೇಕು. "ನಡುವ ನಂದೊಂದು ಮಾತೂ ಬ್ಯಾಡ. ಓದಾಂವ ಎಡಕ್ಕ ಹೋಗಲಿ, ಬಲಕ್ಕ ಹೋಗಲಿ, ಮತ್ತ ತಿರುಗಿ ಬರಲಿ. ನಾನೂ ಅಷ್ಟ ಮಾಡೀನಿ." ಜನ ಇದನ್ನು ಸೋಲು ಎನ್ನುತ್ತಾರೆ ಎಂದೆ. ಹೌದು, ಸೋಲೇ ಇರಬಹುದು ಎಂದರು. ಅವರ ಮುಖದಲ್ಲಿ ಸಮಾಧಾನ ಇತ್ತೆಂದು ಹೇಳಲಾರೆ. ದಣಿವಿತ್ತು. ಕೈ ಚಾಚಿ ನನ್ನ ತಲೆ ಸವರಲು ಹೋದವರು ಅಂದಾಜು ತಪ್ಪಿ ಭುಜ ಮುಟ್ಟಿದರು.

ಹಿಮ ಕರಗಿ ನೆಲ ಕೆಸರಾಗಿದ್ದ ದಿನಗಳಲ್ಲಿ, ನಿದ್ದೆಯಲ್ಲೇ ಹೋದರು. ದಹನದ ದಿನ ಆಂಟಿಯ ತಮ್ಮ ಎಲ್ಲರಿಗಿಂತ ಮೊದಲು ಬಂದು, ಎಲ್ಲರೂ ಹೋದ ಮೇಲೂ ನಿಂತಿದ್ದರು. ಪುಸ್ತಕ ಹೊರಬಂದ ಮೇಲೆ ಓದುಗರೊಬ್ಬರು ಪ್ರಕಾಶಕರಿಗೆ, ಕೊನೆಯಲ್ಲಿ ಒಂದು ಪುಟ ಬಿಟ್ಟುಹೋಗಿದೆ, ಕಳಿಸಿಕೊಡಿ ಎಂದು ಕೇಳಿದರಂತೆ. ಆಂಟಿ ಅದನ್ನು ಹೇಳುವಾಗ ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ.

ಮೇಷ್ಟ್ರಿಗೆ ನಾನು ಹೇಳದೆ ಉಳಿದದ್ದೊಂದಿದೆ. ನಾನು ಹುಟ್ಟುವ ಮೊದಲು ಮೈಸೂರಿನ ನಮ್ಮ ಬೀದಿಯಲ್ಲಿ ಹಿಂದೂ ಮುಸ್ಲಿಂ ಗಲಾಟೆಯಾಗಿ ನಮ್ಮ ಅಬ್ಬಾನ ಅಂಗಡಿ ಸುಟ್ಟುಹೋಗಿತ್ತು. ಪಕ್ಕದ ಮನೆಯ ಹಿಂದೂ ದರ್ಜಿ ಹಿತ್ತಿಲ ಬಾಗಿಲು ತೆಗೆದು ಅಮ್ಮಿಯನ್ನೂ ನನ್ನ ಅಣ್ಣನನ್ನೂ ಒಳಗೆ ಕರೆದು ಉಳಿಸಿದ ಎಂದು ಅಮ್ಮಿ ಹೇಳುತ್ತಾರೆ. ಅದೇ ದರ್ಜಿ ಬೀದಿಯಲ್ಲಿ ನಿಂತು ಗುಂಪಿಗೆ ನಮ್ಮ ಅಂಗಡಿಯ ಕಡೆ ಬೆರಳು ತೋರಿಸಿದ ಎಂದು ಅಬ್ಬಾ ಹೇಳುತ್ತಾರೆ. ನಮ್ಮ ಮನೆಯಲ್ಲಿ ಈ ಮಾತು ಬಂದರೆ ಒಬ್ಬರು ಎದ್ದು ಹೋಗುವುದು ವಾಡಿಕೆ. ಮಕ್ಕಳಾದ ನಮಗೆ ಅಮ್ಮಿಯ ಕತೆ ಸಾಕಾಗಿತ್ತು, ಅದು ಕೇಳಲು ಚೆನ್ನಾಗಿತ್ತು.

ವರ್ಕ್ ಪರ್ಮಿಟ್ ಬಂದು ನಾನು ಮತ್ತೆ ಕ್ರ್ಯಾನ್‌ಬರಿಗೆ ಹೋಗತೊಡಗಿದ್ದೆ. ಮೇಷ್ಟ್ರು ತೀರಿಕೊಂಡ ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿ ಅಬ್ಬಾಗೆ ಫೋನ್ ಮಾಡಿದೆ. ಅಲ್ಲಿ ಸಂಜೆ. ಆ ದಿನದ್ದನ್ನು ಪೂರ್ತಿ ಹೇಳಿ ಎಂದೆ. ಅವರು ಮೊದಲು ಬೇಡ ಎಂದರು. ಆಮೇಲೆ ಹೇಳತೊಡಗಿದರು. ಅಂಗಡಿಯ ಹಲಗೆಗಳು, ಹೊಗೆ, ಓಡಿದ ದಾರಿ. ನಾನು ನಡುವೆ ಬಾಯಿ ಹಾಕಲಿಲ್ಲ. ದರ್ಜಿಯ ಜಾಗ ಬಂದಾಗ ಅವರು ನಿಧಾನವಾದರು.

"ಬೆರಳು ತೋರಿಸಿದ್ದು ಕಂಡೆ," ಎಂದರು. "ಅವನೇನೋ ಕೂಗ್ತಿದ್ದ. ಆ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ ಮಗಳೇ. ಸುಡಿ ಅಂದನೋ, ಬಿಡಿ ಅಂದನೋ."

ಕೇಳಿಸಲಿಲ್ಲ ಎಂಬುದನ್ನು ಅಬ್ಬಾ ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅದನ್ನು ಕೇಳಿ ನನಗೆ ಏನೂ ಸ್ಪಷ್ಟವಾಗಲಿಲ್ಲ, ಇನ್ನಷ್ಟು ಗೋಜಲಾಯಿತು. ಆದರೆ ಅಷ್ಟು ಹೊತ್ತು ಅಬ್ಬಾ ನನ್ನೊಡನೆ ಮಾತಾಡಿದ್ದು ಅದೇ ಮೊದಲು. ಈಗ ಯಾಕೆ ಇದನ್ನೆಲ್ಲ ಕೇಳಿದೆ ಎಂದರು. ಇಲ್ಲಿ ಒಬ್ಬರು ಮೇಷ್ಟ್ರಿದ್ದರು ಎಂದು ಶುರು ಮಾಡಿದೆ.